ಗುಂಪು ಹೊಡೆದಾಟದ ಕೇಸು: 302ರಿಂದ 304ಕ್ಕೆ

ಗುಂಪು ಹೊಡೆದಾಟದಲ್ಲಿ ಒಬ್ಬರು ಸತ್ತರೆ ಪೊಲೀಸರು ಸಾಮಾನ್ಯವಾಗಿ ಅಲ್ಲಿದ್ದವರಿಗೆಲ್ಲ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 302, ಅಂದರೆ ಕೊಲೆಯ ಸೆಕ್ಷನ್, ಹಾಕುತ್ತಿದ್ದರು. ಜೊತೆಗೆ 34 (ಒಂದೇ ಉದ್ದೇಶದಿಂದ ಮಾಡಿದ್ದಕ್ಕೆ ಎಲ್ಲರೂ ಹೊಣೆ), ಐದು ಜನ ಅಥವಾ ಜಾಸ್ತಿ ಇದ್ದರೆ 149 (ಅಕ್ರಮ ಕೂಟದಲ್ಲಿದ್ದವರೆಲ್ಲ ಹೊಣೆ). ಆರೋಪಿ ಪರ ವಕಾಲತ್ತು ಹಾಕಿದ ಕೂಡಲೇ ನಾನು ಮರಣೋತ್ತರ ಪರೀಕ್ಷೆಯ (ಪಿಎಂ) ರಿಪೋರ್ಟ್ ಹಿಡಿದು ಕೂರುತ್ತೇನೆ. ಒಂದೊಂದು ಗಾಯದ ಎದುರು ಯಾರು ಹೊಡೆದದ್ದು, ಯಾವುದರಿಂದ, ಯಾವ ಸಾಕ್ಷಿ ಹೇಳಿದ್ದು ಅಂತ ಬರೆದುಕೊಳ್ಳುತ್ತೇನೆ. ಎಷ್ಟೋ ಸಲ ಆರೋಪಿಗಳು ಏಳೆಂಟು ಜನ, ಸಾವಿಗೆ ಕಾರಣವಾದ ಗಾಯ ಮಾತ್ರ ಒಂದೇ.

ಬದುವಿನ ಜಗಳದ ಒಂದು ಕೇಸು ನೋಡಿ. ಎ-1, ಅಂದರೆ ಮೊದಲ ಆರೋಪಿ, ಗುದ್ದಲಿ ಕಾವಿನಿಂದ ತಲೆಗೆ ಒಂದೇ ಏಟು ಹಾಕಿದ್ದ. ನನ್ನ ಕಕ್ಷಿದಾರ ಎ-4, ಸತ್ತವರ ಕೈ ಹಿಡಿದುಕೊಂಡಿದ್ದ. ಹೊಡೆಯಲಿ ಅಂತಲೇ ಹಿಡಿದದ್ದು ಎಂದರು ಪ್ರಾಸಿಕ್ಯೂಟರ್. ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ ಅದು. ಗುಂಡು ಹಾರಿಸಿದವನು ನಾನಲ್ಲ, ಹೊರಗೆ ಅಂಗಳದಲ್ಲಿದ್ದೆ ಎಂದ, ಪೋಸ್ಟ್ ಆಫೀಸ್ ದರೋಡೆ-ಕೊಲೆ ಕೇಸಿನ ಆರೋಪಿ ಬರೇಂದ್ರ ಕುಮಾರ್ ಘೋಷ್‌ನನ್ನು ಬ್ರಿಟಿಷರ ಕಾಲದ ಅತ್ಯುನ್ನತ ಕೋರ್ಟ್ ಪ್ರಿವಿ ಕೌನ್ಸಿಲ್ ಬಿಡಲಿಲ್ಲ.

ಹಾಗಾಗಿ ನನಗೆ ಬೇಕಿದ್ದದ್ದು ಯಾವುದು ಮೊದಲು ಆಯಿತು ಅನ್ನುವುದು. ಕಾವು ಎತ್ತಿದ ಮೇಲೆ ಕೈ ಹಿಡಿದರೆ ಒಂದು ಅರ್ಥ, ಕೈ ಹಿಡಿದಾಗ ಎ-1 ಬರಿಗೈಲಿದ್ದರೆ ಇನ್ನೊಂದು. ಪಾಟೀ ಸವಾಲಿನಲ್ಲಿ ಇದನ್ನು ನೇರವಾಗಿ ಕೇಳಿದರೆ ಕೆಟ್ಟಿತು, ಸಾಕ್ಷಿ ಹುಷಾರಾಗುತ್ತಾರೆ. ನೀರು ಯಾರು ಕಟ್ಟುತ್ತಿದ್ದರು, ಗುದ್ದಲಿ ಯಾರದು, ಕಾಲುವೆ ಪಕ್ಕ ಎಲ್ಲಿ ಬಿದ್ದಿತ್ತು ಅಂತ ಸಣ್ಣ ಸಣ್ಣದಾಗಿ ಕೇಳುತ್ತಾ ಹೋದೆ. ಗುದ್ದಲಿ ಸತ್ತವರದೇ. ತಳ್ಳಾಟ ಶುರುವಾದ ಮೇಲೆ ಎ-1 ಹೋಗಿ ಎತ್ತಿಕೊಂಡು ಬಂದದ್ದು. ಆಗಲೇ ಎ-4 ಕೈ ಹಿಡಿದಾಗಿತ್ತು.

ಇದೇ ಉತ್ತರ ಎ-1ಗೂ ಒದಗಿತು. ಕೊಲೆ ಯಾವುದೆಂದು ಹೇಳುವ ಸೆಕ್ಷನ್ 300ರ ನಾಲ್ಕನೇ ವಿನಾಯಿತಿ ಸಿಕ್ಕರೆ 302 ಹೋಗಿ 304, ಅಂದರೆ ಕೊಲೆಯಲ್ಲದ ನರಹತ್ಯೆ, ಆಗುತ್ತದೆ. ಅದು ಸಿಗಬೇಕಾದರೆ ಮೊದಲೇ ಯೋಚನೆ ಇರಬಾರದು, ದಿಢೀರ್ ಜಗಳದ ಸಿಟ್ಟಿನಲ್ಲಿ ನಡೆದಿರಬೇಕು, ಕ್ರೂರವಾಗಿ ನಡೆದುಕೊಂಡಿರಬಾರದು, ಎದುರಿನವರ ಅಸಹಾಯಕತೆಯ ಲಾಭವನ್ನೂ ಪಡೆದಿರಬಾರದು. ಬಿದ್ದವರ ಮೇಲೆ ಮತ್ತೆ ಮತ್ತೆ ಹೊಡೆದಿದ್ದರೆ ಆ ಬಾಗಿಲು ಮುಚ್ಚಿದಂತೆ. ಇಲ್ಲಿ ಒಂದೇ ಏಟು, ಅದೂ ಅಲಗಿನಿಂದಲ್ಲ, ಕಾವಿನಿಂದ.

2024ರ ಜುಲೈ 1ರಿಂದೀಚಿನ ಘಟನೆಗಳಿಗೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನಲ್ಲಿ 302 ಹೋಗಿ 103, 304 ಹೋಗಿ 105, 149 ಹೋಗಿ 190 ಬಂದಿದೆ. ತೂಗುವ ರೀತಿ ಹಳೆಯದೇ. ಆದರೆ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆಯಂಥ ಕಾರಣಕ್ಕೆ ಕೊಲೆ ಮಾಡಿದರೆ 103(2) ಪ್ರತ್ಯೇಕವಾಗಿದೆ: ಗಲ್ಲು ಅಥವಾ ಜೀವಾವಧಿ.

ನಮ್ಮ ಕೇಸು ಹಳೆಯ ಕಾಯ್ದೆಯದು. ಎ-1ಗೆ 304 ಎರಡನೇ ಭಾಗದಡಿ (ಕೊಲ್ಲುವ ಉದ್ದೇಶವಿಲ್ಲ, ಸಾವು ಬರಬಹುದೆಂಬ ಅರಿವು ಮಾತ್ರ) ಶಿಕ್ಷೆಯಾಯಿತು. ಎ-4 ಮೇಲಿನ 34 ನಿಲ್ಲಲಿಲ್ಲ, 323 (ಬೇಕೆಂದೇ ನೋವು ಮಾಡಿದ್ದು) ಮಾತ್ರ ಉಳಿಯಿತು. ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕಿದೆ.