ಸಂಘದ ಜಾಲತಾಣ ಮತ್ತು ಪಿಎಚ್‌ಪಿ ತುಣುಕುಗಳ ಜೋಡಣೆ

ಮುಂಬೈ ಬಳಿಯ ಡೊಂಬಿವಲಿಯ ಒಂದು ಕನ್ನಡ ಸಂಘದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ಅದರಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ 40 ಪುಟಗಳಿದ್ದವು. ಮೆನು, ಅಡಿಬರಹ, ಕಾರ್ಯಕ್ರಮದ ಚೌಕ ಎಲ್ಲವೂ ಪ್ರತಿ ಪುಟದಲ್ಲೂ ನಕಲಾಗಿ ಕೂತಿದ್ದವು. ಕಚೇರಿಯ ಫೋನ್ ನಂಬರ್ ಬದಲಾದಾಗ ನಾನು 38 ಪುಟಗಳನ್ನು ತಿದ್ದಿ ಎರಡನ್ನು ಮರೆತೆ. ರಾಜ್ಯೋತ್ಸವದ ಪಾಸು ಕೇಳುವವರು ತಿಂಗಳುಗಟ್ಟಲೆ ಹಳೆಯ ನಂಬರಿಗೇ ಕರೆ ಮಾಡುತ್ತಿದ್ದರು.

ಇಂಥ ತಾಣದಲ್ಲಿ ಮತ್ತೆ ಮತ್ತೆ ಬರುವ ಭಾಗಗಳನ್ನು ತುಣುಕುಗಳಾಗಿ, ಅಂದರೆ ಬೇರೆ ಬೇರೆ ಕಡತಗಳಾಗಿ, ಬಿಡಿಸುವಾಗ ಮೊದಲು ಫೋಲ್ಡರ್ ಗೊತ್ತುಮಾಡಿಕೊಳ್ಳಬೇಕು. ಬ್ರೌಸರಿಗೆ ತೆರೆದಿರುವ ಫೋಲ್ಡರಿನ ಹೊರಗೆ ಟೆಂಪ್ಲೇಟುಗಳಿಗೆ (ಪುಟದ ಅಚ್ಚುಗಳಿಗೆ) ಜಾಗ ಮಾಡಿ, ಇಡೀ ಪುಟದ ಚೌಕಟ್ಟುಗಳನ್ನು ಒಂದು ಕಡೆಯೂ ಸಣ್ಣ ತುಣುಕುಗಳನ್ನು ಇನ್ನೊಂದು ಕಡೆಯೂ ಇಡಿ. ಕಡತವನ್ನು ಕರೆಯುವಾಗ ಎರಡೆರಡು ಅಂಡರ್‌ಸ್ಕೋರ್‌ಗಳ ನಡುವೆ ಬರೆಯುವ ಡಿಐಆರ್ ಎಂಬ, ಕಡತವಿರುವ ಫೋಲ್ಡರನ್ನು ಹೇಳುವ ಸ್ಥಿರಾಂಕದಿಂದಲೇ ದಾರಿಯನ್ನು ಆರಂಭಿಸಿದರೆ, ಪುಟವು ಯಾವ ಉಪಫೋಲ್ಡರಿನಲ್ಲಿದ್ದರೂ ದಾರಿ ತಪ್ಪುವುದಿಲ್ಲ. ಒಂದು ಕಡತವನ್ನು ಪುಟದೊಳಗೆ ಸೇರಿಸಲು ಇನ್‌ಕ್ಲೂಡ್, ರಿಕ್ವೈರ್ ಎಂಬ ಆದೇಶಗಳಿವೆ. ಇನ್‌ಕ್ಲೂಡ್ ಬಳಸಿದಾಗ ಕಡತ ಸಿಗದಿದ್ದರೆ ಎಚ್ಚರಿಕೆಯಷ್ಟೇ ಬಂದು ಪುಟ ಮುಂದುವರಿಯುತ್ತದೆ. ರಿಕ್ವೈರ್ ಆದರೆ ಪುಟ ಅಲ್ಲೇ ನಿಲ್ಲುತ್ತದೆ. ಚೌಕಟ್ಟಿಗೆ ರಿಕ್ವೈರ್ ಸರಿ. ಫಂಕ್ಷನ್‌ಗಳ (ಹೆಸರಿಟ್ಟು ಬೇಕಾದಾಗ ಕರೆಯುವ ಆದೇಶಗಳ ಗುಂಪುಗಳ) ಕಡತಕ್ಕೆ, ಒಂದೇ ಸಲ ಒಳಸೇರಿಸುವ ರಿಕ್ವೈರ್ ಒನ್ಸ್ ಬೇಕು. ಅದನ್ನೇ ಕಾರ್ಯಕ್ರಮದ ಚೌಕಕ್ಕೆ ಬಳಸಿದರೆ ಹತ್ತು ಕಾರ್ಯಕ್ರಮಗಳಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ.

ನಿಜವಾದ ತೊಡಕಿರುವುದು ವೇರಿಯಬಲ್‌ಗಳಲ್ಲಿ, ಅಂದರೆ ಬೆಲೆಗಳನ್ನು ಹಿಡಿದಿಡುವ ಹೆಸರುಗಳಲ್ಲಿ. ಒಳಸೇರಿಸಿದ ಕಡತವು ತನ್ನನ್ನು ಕರೆದ ಸಾಲಿನಲ್ಲಿರುವ ಎಲ್ಲ ವೇರಿಯಬಲ್‌ಗಳನ್ನೂ ನೋಡಬಲ್ಲದು, ಬದಲಿಸಲೂಬಲ್ಲದು. ನಮ್ಮ ಮೆನುವಿನ ಪಟ್ಟಿಯನ್ನು ಒಂದೊಂದಾಗಿ ತೆಗೆದುಕೊಳ್ಳುವ ಫೋರ್‌ಈಚ್ ಸುತ್ತಿನಲ್ಲಿ ಟೈಟಲ್ ಎಂಬ ವೇರಿಯಬಲ್ ಇತ್ತು, ಪುಟದ ಶೀರ್ಷಿಕೆಗೂ ಅದೇ ಹೆಸರು. ಸುತ್ತು ಮುಗಿದ ಮೇಲೂ ಆ ವೇರಿಯಬಲ್ ಕೊನೆಯ ಬೆಲೆಯನ್ನು ಹಿಡಿದುಕೊಂಡೇ ಇರುವುದರಿಂದ, ತಾಳಮದ್ದಲೆಯ ಪುಟಕ್ಕೂ ಗ್ರಂಥಾಲಯದ ಪುಟಕ್ಕೂ ‘ಸಂಪರ್ಕ’ ಎಂಬ ಒಂದೇ ತಲೆಬರಹ ಬಂತು. ದೋಷ ಮೆನುವಿನಲ್ಲಿದೆ ಎಂದು ಹೊಳೆಯಲು ನನಗೆ ಒಂದಿಡೀ ಭಾನುವಾರ ಬೇಕಾಯಿತು.

ಇದಕ್ಕೆ ಪರಿಹಾರವೆಂದರೆ ತುಣುಕನ್ನು ನೇರವಾಗಿ ಒಳಸೇರಿಸದೆ ಒಂದು ಪುಟ್ಟ ಫಂಕ್ಷನ್ ಮೂಲಕವೇ ಕರೆಯುವುದು. ಅದು ತುಣುಕಿನ ಹೆಸರನ್ನೂ ಬೇಕಾದ ಮಾಹಿತಿಯ ಅರೇಯನ್ನೂ (ಪಟ್ಟಿಯನ್ನೂ) ಪಡೆದು, ಎಕ್ಸ್‌ಟ್ರ್ಯಾಕ್ಟ್ ಮೂಲಕ ಅರೇಯನ್ನು ವೇರಿಯಬಲ್‌ಗಳಾಗಿ ಬಿಡಿಸಿ, ಹೊರಬರುವ ಪಠ್ಯವನ್ನು ತಡೆದಿಡುವ ಒಬಿ ಸ್ಟಾರ್ಟ್ ಮಾಡಿ ಕಡತವನ್ನು ಒಳಸೇರಿಸಿ, ಒಬಿ ಗೆಟ್ ಕ್ಲೀನ್‌ನಿಂದ ಸಿಕ್ಕ ಪಠ್ಯವನ್ನು ಹಿಂದಿರುಗಿಸಲಿ. ಎಲ್ಲವೂ ಫಂಕ್ಷನ್ನಿನ ಒಳಗೇ ನಡೆಯುವುದರಿಂದ ಹೊರಗಿನ ಹೆಸರುಗಳು ಕೆಡುವುದಿಲ್ಲ. ಎಕ್ಸ್‌ಟ್ರ್ಯಾಕ್ಟ್‌ಗೆ, ಈಗಾಗಲೇ ಇರುವ ಹೆಸರನ್ನು ಮುಟ್ಟದಿರುವ ಸ್ಕಿಪ್ ಆಯ್ಕೆಯನ್ನು ಕೊಡಿ. ಇಲ್ಲದಿದ್ದರೆ ಅರೇಯಲ್ಲಿರುವ ಹೆಸರೊಂದು ಕಡತದ ದಾರಿಯ ವೇರಿಯಬಲನ್ನೇ ಅಳಿಸಿ ಬರೆಯಬಹುದು. ಓದುಗರ ಫಾರ್ಮಿನಿಂದ ಬಂದದ್ದನ್ನು ಎಕ್ಸ್‌ಟ್ರ್ಯಾಕ್ಟ್‌ಗೆ ಎಂದಿಗೂ ಒಪ್ಪಿಸಬಾರದು.

ತುಣುಕು ತೋರಿಸುವ ಪ್ರತಿ ಪದವೂ, ಎಚ್‌ಟಿಎಂಎಲ್‌ನಲ್ಲಿ ವಿಶೇಷ ಅರ್ಥವಿರುವ ಚಿಹ್ನೆಗಳನ್ನು ನಿರಪಾಯ ಮಾಡುವ ಎಚ್‌ಟಿಎಂಎಲ್ ಸ್ಪೆಷಲ್ ಕ್ಯಾರ್ಸ್ ದಾಟಿಯೇ ಹೊರಬರಲಿ. ಕನ್ನಡದವರಿಗೆ ಇಲ್ಲೊಂದು ವಿಶೇಷ ಪೇಚಿದೆ. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಕಾರ್ಯಕ್ರಮದ ವಿವರವನ್ನು ಬೈಟು ಎಣಿಸಿ ಕತ್ತರಿಸುವ ಸಬ್‌ಸ್ಟರ್ ಬಳಸಿ 100 ಬೈಟಿಗೆ ಕತ್ತರಿಸಿದರೆ ಕೊನೆಯ ಚಿಹ್ನೆ ಮುರಿಯಬಹುದು, ಮತ್ತು ಪಿಎಚ್‌ಪಿ 8.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಬೇರೆ ಆಯ್ಕೆ ಕೊಡದಿದ್ದರೆ, ಅಂಥ ಮುರುಕು ಪಠ್ಯಕ್ಕೆ ಸ್ಪೆಷಲ್ ಕ್ಯಾರ್ಸ್ ಖಾಲಿ ಉತ್ತರವನ್ನೇ ಕೊಡುತ್ತದೆ. ಚೌಕ ಇರುತ್ತದೆ, ವಿವರ ಇರುವುದಿಲ್ಲ. ಚಿಹ್ನೆ ಎಣಿಸಿ ಕತ್ತರಿಸುವ ಎಂಬಿ ಸಬ್‌ಸ್ಟರ್ ಬೈಟುಗಳನ್ನು ಕಾಪಾಡಿದರೂ ಒತ್ತಕ್ಷರವನ್ನು ಕಾಪಾಡದು. ‘ಯಕ್ಷಗಾನ’ವನ್ನು ಮೂರಕ್ಕೆ ಕತ್ತರಿಸಿದರೆ ‘ಯಕ್’ ಉಳಿಯುತ್ತದೆ. ಆದ್ದರಿಂದ ಕತ್ತರಿಸಿದ ಮೇಲೆ ಹಿಂದಿನ ಖಾಲಿ ಜಾಗದವರೆಗೆ ಸರಿದು ಪೂರ್ಣ ಪದದಲ್ಲಿ ನಿಲ್ಲಿಸಬೇಕು. ಈ ಕೆಲಸಕ್ಕೂ ಒಂದೇ ಫಂಕ್ಷನ್ ಇರಲಿ, ತುಣುಕು ತುಣುಕಿಗೂ ಬೇರೆ ಬೇಡ. ಕಡತಗಳನ್ನು ಬಿಒಎಂ (ಕಡತದ ಆರಂಭದಲ್ಲಿ ಸೇರುವ ಕಾಣದ ಗುರುತು) ಇಲ್ಲದ ಯುಟಿಎಫ್-8ರಲ್ಲಿ ಉಳಿಸುವುದೂ ಅಗತ್ಯ.

ಒಂದೇ ಪುಟದಲ್ಲಿ ಒಮ್ಮೆ ಬರುವ ಭಾಗವನ್ನು ತುಣುಕು ಮಾಡುವ ಉತ್ಸಾಹ ಬೇಡ. ಮೂರನೆಯ ಸಲ ನಕಲು ಮಾಡಲು ಕೈ ಹೋದಾಗ ಬೇರ್ಪಡಿಸಿದರೆ ಸಾಕು. ಕೆಲಸವನ್ನು ಅಡಿಬರಹದಿಂದ ತೊಡಗಿ. ಅದಕ್ಕೆ ಬೇಕಾಗುವ ಮಾಹಿತಿ ಎಲ್ಲಕ್ಕಿಂತ ಕಡಿಮೆ. ಆಮೇಲೆ ಮೆನು, ಕೊನೆಗೆ ಕಾರ್ಯಕ್ರಮದ ಚೌಕ. ಪ್ರತಿ ಹಂತ ಮುಗಿದಾಗಲೂ ಹಳೆಯ ನಕಲಿನ ಒಂದು ಸಾಲನ್ನು ಇಡೀ ಫೋಲ್ಡರಿನಲ್ಲಿ ಹುಡುಕಿ ನೋಡಿ. ನಾನು ಹುಡುಕಿದ್ದು ಆ ಹಳೆಯ ಫೋನ್ ನಂಬರನ್ನೇ. ಯಾರೂ ತೆರೆಯದ ‘ಪರೀಕ್ಷೆ-2’ ಎಂಬ ಕಡತದಲ್ಲಿ ಅದು ಇನ್ನೂ ಇತ್ತು.