ಜರ್ಮನಿಯ ಉದ್ಯೋಗ ವೀಸಾ: ಹೊಸದಾಗಿ ಬರಲಿರುವ ಕನ್ನಡಿಗರಿಗೆ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದುಕೊಂಡು ಜರ್ಮನಿಯಲ್ಲಿ ಕೆಲಸ ಹುಡುಕುತ್ತಿರುವವರು ಇಲ್ಲಿ ನೆಲೆಸಿರುವ ನಮ್ಮನ್ನು ಮೊದಲು ಕೇಳುವುದು, ವೀಸಾ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು. ಅದಕ್ಕೂ ಮೊದಲು ತಿಳಿದುಕೊಳ್ಳಬೇಕಾದದ್ದು ತಮ್ಮ ಪದವಿಯನ್ನು ಜರ್ಮನಿ ಒಪ್ಪುತ್ತದೆಯೇ ಎಂಬುದನ್ನು. ಪದವಿ, ಸಂಬಳ, ಕೆಲಸದ ಸ್ವರೂಪ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದರೆ ಇಲ್ಲಿನ ಕಚೇರಿಗಳು ಹೆಚ್ಚು ತಕರಾರು ತೆಗೆಯುವುದಿಲ್ಲ. ಹೊಂದಿಕೊಳ್ಳದಿದ್ದರೆ ಎಷ್ಟು ದೊಡ್ಡ ಕಂಪನಿಯ ಆಫರ್ ಲೆಟರ್ ಇದ್ದರೂ ಅರ್ಜಿ ಅಲ್ಲಲ್ಲೇ ನಿಂತುಬಿಡುತ್ತದೆ. ಕೆಲಸ ಸಿಕ್ಕ ಮೇಲೆ ಪದವಿಯ ವಿಚಾರ ನೋಡಿಕೊಂಡರಾಯಿತು ಎಂದು ಸುಮ್ಮನಿದ್ದವರೇ ಕೊನೆಯಲ್ಲಿ ಹೆಚ್ಚು ಕಾಯುವುದನ್ನು ನಾನು ಕಂಡಿದ್ದೇನೆ.

ವಿದೇಶಿ ಪದವಿಗಳ ಮಾನ್ಯತೆಯನ್ನು ನೋಡಲು ಜರ್ಮನಿಯವರು ಅನಾಬಿನ್ ಎಂಬ ದತ್ತಾಂಶ ತಾಣವನ್ನು ಇಟ್ಟಿದ್ದಾರೆ. ಅದರಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸಬೇಕು. ಮೊದಲನೆಯದು ವಿಶ್ವವಿದ್ಯಾಲಯ: ಅದರ ಮುಂದೆ 'ಎಚ್ ಪ್ಲಸ್' ಎಂಬ ಗುರುತು ಇರಬೇಕು. ಎರಡನೆಯದು ಪದವಿ: ನಿಮ್ಮ ಪದವಿ ಜರ್ಮನಿಯ ಪದವಿಗೆ ಸಮಾನ ಅಥವಾ ಅನುರೂಪ ಎಂಬ ಷರಾ ಅಲ್ಲಿರಬೇಕು. ಇವೆರಡನ್ನೂ ಮುದ್ರಿಸಿಟ್ಟುಕೊಂಡು ಅರ್ಜಿಯೊಂದಿಗೆ ಸೇರಿಸುವುದು ವಾಡಿಕೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು, ಪದವಿ ಕೊಡುವುದೂ ಆ ವಿಶ್ವವಿದ್ಯಾಲಯವೇ. ಆದ್ದರಿಂದ ಪಟ್ಟಿಯಲ್ಲಿ ನಿಮ್ಮ ಕಾಲೇಜಿನ ಹೆಸರು ಕಾಣಲಿಲ್ಲವೆಂದು ಗಾಬರಿಯಾಗದೆ, ಪದವಿ ಪ್ರಮಾಣಪತ್ರದ ತಲೆಯಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದನ್ನೇ ಹುಡುಕಬೇಕು. ಹಾಗೆಯೇ ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನೇ ನೆಚ್ಚಿಕೊಂಡು ವರ್ಷಗಳನ್ನು ಕಳೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಘಟಿಕೋತ್ಸವದ ಪ್ರಮಾಣಪತ್ರವನ್ನೂ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳನ್ನೂ ಈಗಲೇ ತರಿಸಿಟ್ಟುಕೊಳ್ಳಿ. ಊರಲ್ಲಿ ಇರುವಾಗ ಆಗುವ ಈ ಕೆಲಸವನ್ನು ಇಲ್ಲಿಂದ ಮಾಡಿಸುವುದು ಕಷ್ಟ.

ಅನಾಬಿನ್‌ನಲ್ಲಿ ಪದವಿ ಸಿಗದಿದ್ದರೆ, ಅಥವಾ ಸಿಕ್ಕರೂ ಷರತ್ತಿನ ಮಾತು ಕಂಡರೆ, ಬಾನ್ ನಗರದಲ್ಲಿರುವ ವಿದೇಶಿ ಶಿಕ್ಷಣದ ಕೇಂದ್ರ ಕಚೇರಿಯಿಂದ ಹೋಲಿಕೆ ಪತ್ರವನ್ನು ಪಡೆಯಬೇಕಾಗುತ್ತದೆ. ಇದಕ್ಕೆ 208 ಯೂರೋ ಶುಲ್ಕ. ಮೂರು ವರ್ಷದ ಬಿಎಸ್ಸಿ, ಬಿಸಿಎ, ಬಿಕಾಂ ಓದಿದವರು ಈ ಪತ್ರದ ಬಗ್ಗೆ ನಾಲ್ಕು ವರ್ಷದ ಬಿಇ ಓದಿದವರಿಗಿಂತ ಹೆಚ್ಚು ಎಚ್ಚರ ವಹಿಸಬೇಕೆಂಬುದು ನನ್ನ ಅಭಿಪ್ರಾಯ. ಓದಿನ ಪತ್ರಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ, ವಿದ್ಯಾರ್ಥಿ ವೀಸಾಕ್ಕೆ ಬೇಕಾಗುವ ಎಪಿಎಸ್ ಪ್ರಮಾಣಪತ್ರ ಬೇರೆ, ಈ ಹೋಲಿಕೆ ಪತ್ರ ಬೇರೆ. ಎರಡನ್ನೂ ಬೆರೆಸಿ ಹೇಳುವವರ ಮಾತು ಕೇಳಿ ಬೇಡದ ಪತ್ರಕ್ಕೆ ಹಣ ಕಟ್ಟಬೇಡಿ.

ಪದವಿಯ ವಿಷಯ ಖಚಿತವಾದರೆ ಯಾವ ದಾರಿ ನಿಮ್ಮದು ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ. ಪದವೀಧರರಿಗೆ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ, ಎಲ್ಲಕ್ಕಿಂತ ಅನುಕೂಲದ್ದು. ಅದಕ್ಕೆ ವಾರ್ಷಿಕ ಒಟ್ಟು ಸಂಬಳ 2025ರಲ್ಲಿ ಕನಿಷ್ಠ 48,300 ಯೂರೋ ಇರಬೇಕಿತ್ತು; 2026ಕ್ಕೆ ಅದು 50,700 ಯೂರೋ. ಐಟಿ, ಎಂಜಿನಿಯರಿಂಗ್, ವೈದ್ಯಕೀಯ ಮುಂತಾಗಿ ಜನರ ಕೊರತೆಯಿರುವ ವೃತ್ತಿಗಳಿಗೆ, ಮತ್ತು ಕಳೆದ ಮೂರು ವರ್ಷಗಳೊಳಗೆ ಪದವಿ ಮುಗಿಸಿದವರಿಗೆ, ಮಿತಿ ಕಡಿಮೆ: 2025ರಲ್ಲಿ 43,759.80 ಯೂರೋ, 2026ರಲ್ಲಿ 45,934.20 ಯೂರೋ. ಪಿಂಚಣಿ ವಿಮೆಯ ಗರಿಷ್ಠ ಮಿತಿಗೆ ಈ ಅಂಕಿಗಳನ್ನು ಕಟ್ಟಿಹಾಕಿರುವುದರಿಂದ ಪ್ರತಿ ಜನವರಿಯಲ್ಲಿ ಅವು ಬದಲಾಗುತ್ತವೆ. ನವೆಂಬರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಜನವರಿಯ ನಂತರ ಅರ್ಜಿ ಹಾಕುವವರು ಮಿತಿಗೆ ತೀರ ಅಂಟಿಕೊಂಡ ಸಂಬಳವನ್ನು ಒಪ್ಪಿಕೊಳ್ಳಬಾರದು. ಒಪ್ಪಂದದಲ್ಲಿ ಖಚಿತವಾಗಿ ಬರೆದ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆಯೇ ಹೊರತು ಕಂಪನಿಯ ಲಾಭ ನೋಡಿ ಕೊಡುವ ಬೋನಸ್ ಅಲ್ಲ. ಭಾರತದ ಸಿಟಿಸಿ ಲೆಕ್ಕಕ್ಕೆ ಒಗ್ಗಿಹೋದ ನಮ್ಮವರು ಇಲ್ಲಿ ಎಡವುವುದುಂಟು.

ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಅಥವಾ ಸಿವಿಲ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ಸಾಕಷ್ಟಿದ್ದಾರೆ. ಅವರ ಸಂದೇಹ ನ್ಯಾಯವಾದದ್ದೇ. ಬ್ಲೂ ಕಾರ್ಡಿಗೆ ಕೆಲಸವು ಪದವಿಯ ಮಟ್ಟಕ್ಕೆ ತಕ್ಕದ್ದಾಗಿರಬೇಕು. ಉದ್ಯೋಗದಾತರು ತುಂಬಿ ಸಹಿ ಮಾಡುವ ಉದ್ಯೋಗ ಘೋಷಣಾ ಪತ್ರದಲ್ಲಿ ಈ ಕೆಲಸಕ್ಕೆ ಪದವಿ ಮಟ್ಟದ ಯಾವ ಜ್ಞಾನ ಬೇಕು ಎಂಬುದನ್ನು ವಿವರವಾಗಿ ಬರೆಸಿ, ಹಿಂದಿನ ಕಂಪನಿಗಳ ಅನುಭವ ಪತ್ರಗಳನ್ನೂ ಜೊತೆಗಿಟ್ಟರೆ ಅರ್ಜಿ ಗಟ್ಟಿಯಾಗುತ್ತದೆ. ಅದಾಗದಿದ್ದರೂ ಬಾಗಿಲು ಮುಚ್ಚಿದಂತಲ್ಲ: 2023ರ ನವೆಂಬರಿನಿಂದ ಪದವೀಧರ ನುರಿತ ಕೆಲಸಗಾರರ ಸಾಮಾನ್ಯ ಪರವಾನಗಿಯಲ್ಲಿ, ಓದಿದ ವಿಷಯಕ್ಕೆ ನೇರ ಸಂಬಂಧವಿಲ್ಲದ ನುರಿತ ಕೆಲಸವನ್ನೂ ಒಪ್ಪಿಕೊಳ್ಳಬಹುದೆಂದು ಕಾನೂನು ಸಡಿಲವಾಗಿದೆ. ಅದೇ ತಿದ್ದುಪಡಿಯಿಂದಾಗಿ, ಪದವಿಯೇ ಇಲ್ಲದ ಐಟಿ ಪರಿಣತರೂ ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷದ ಅನುಭವವಿದ್ದು, ಮೇಲೆ ಹೇಳಿದ ಕಡಿಮೆ ಮಿತಿಯ ಸಂಬಳ ಸಿಗುವಂತಿದ್ದರೆ ಬ್ಲೂ ಕಾರ್ಡಿಗೆ ಅರ್ಹರು. ಡಿಪ್ಲೊಮಾ ಮುಗಿಸಿ ನೇರವಾಗಿ ಕೆಲಸಕ್ಕೆ ಸೇರಿ ಅನುಭವ ಗಳಿಸಿದವರಿಗೆ ಈ ಅವಕಾಶ ಇದೆಯೆಂಬುದೇ ಬಹಳ ಕಡೆ ಗೊತ್ತಿಲ್ಲ.

ಮಂಗಳೂರು, ಉಡುಪಿ ಕಡೆಯಿಂದ ಬರುವ ನರ್ಸುಗಳ ದಾರಿ ಇದಲ್ಲ. ಶುಶ್ರೂಷೆ ಇಲ್ಲಿ ಸರ್ಕಾರದ ನಿಯಂತ್ರಣಕ್ಕೊಳಪಟ್ಟ ವೃತ್ತಿಯಾದ್ದರಿಂದ, ಜರ್ಮನಿಯ ಆಯಾ ರಾಜ್ಯದ ಕಚೇರಿ ನಿಮ್ಮ ತರಬೇತಿಯನ್ನು ಮಾನ್ಯ ಮಾಡಬೇಕು, ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಆರು ಹಂತಗಳಲ್ಲಿ ನಾಲ್ಕನೆಯದಾದ ಬಿ2 ಮಟ್ಟ ಬೇಕು, ಕೊರತೆ ಕಂಡರೆ ಇಲ್ಲಿಗೆ ಬಂದು ಪರೀಕ್ಷೆ ಬರೆಯಬೇಕು ಅಥವಾ ಹೆಚ್ಚುವರಿ ತರಬೇತಿ ಪಡೆಯಬೇಕು.

ಬೆಂಗಳೂರಿನ ಕಂಪನಿಯೇ ತನ್ನ ಜರ್ಮನಿಯ ಶಾಖೆಗೆ ಕಳಿಸುತ್ತಿದ್ದರೆ, ಯಾವ ಪರವಾನಗಿಯ ಮೇಲೆ ಕಳಿಸುತ್ತಾರೆಂದು ಬಾಯಿಬಿಟ್ಟು ಕೇಳಿ. ಒಂದೇ ಕಂಪನಿಯೊಳಗೆ ಬೇರೆ ದೇಶದ ಶಾಖೆಗೆ ವರ್ಗವಾಗುವವರಿಗೆ ಕೊಡುವ ಐಸಿಟಿ ಕಾರ್ಡಿನಲ್ಲಿ ನಿಮ್ಮ ಉದ್ಯೋಗ ಒಪ್ಪಂದ ಭಾರತದ ಕಂಪನಿಯೊಂದಿಗೇ ಉಳಿಯುತ್ತದೆ. ಹೆಚ್ಚೆಂದರೆ ಮೂರು ವರ್ಷ ಇರಬಹುದು. ಬ್ಲೂ ಕಾರ್ಡಿನಲ್ಲಿ ಒಪ್ಪಂದ ಜರ್ಮನಿಯ ಕಂಪನಿಯೊಂದಿಗೆ. ಕೆಲವು ಕಾಲ ಕೆಲಸ ಮಾಡಿ ಮರಳುವವರಿಗೆ ಮೊದಲನೆಯದು ಸಾಕು, ಭವಿಷ್ಯನಿಧಿಯ ಲೆಕ್ಕವೂ ಸರಳ: 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಂತೆ, ಇಪಿಎಫ್‌ಒ ಕೊಡುವ ಪತ್ರವಿದ್ದರೆ 48 ತಿಂಗಳವರೆಗೆ ಇಲ್ಲಿನ ಪಿಂಚಣಿಗೆ ಮತ್ತೆ ಹಣ ಕಟ್ಟಬೇಕಿಲ್ಲ. ನೆಲೆಸುವ ಮನಸ್ಸಿದ್ದವರು ಮಾತ್ರ ಎರಡನೆಯದನ್ನೇ ಪಟ್ಟುಹಿಡಿದು ಕೇಳಬೇಕು. ಬ್ಲೂ ಕಾರ್ಡಿನವರಿಗೆ 27 ತಿಂಗಳ ನಂತರ, ಜರ್ಮನ್ ಭಾಷೆ ಬಿ1 ಮಟ್ಟದಲ್ಲಿ ಬಂದರೆ 21 ತಿಂಗಳಿಗೇ, ಶಾಶ್ವತ ವಾಸದ ಪರವಾನಗಿ ಸಿಗುತ್ತದೆ. ಐಸಿಟಿಯಲ್ಲಿ ಅಂಥ ಅನುಕೂಲವಿಲ್ಲ.

ಇನ್ನು ಕೆಲಸವೇ ಇಲ್ಲದೆ ಬಂದು ಹುಡುಕುವ ಅವಕಾಶ ಪತ್ರವೂ ಒಂದಿದೆ. ಜರ್ಮನಿಯವರು ಚಾನ್ಸೆನ್‌ಕಾರ್ಟೆ ಎನ್ನುವ ಇದು 2024ರ ಜೂನ್‌ನಿಂದ ಜಾರಿಗೆ ಬಂತು. ಓದು, ಅನುಭವ, ಭಾಷೆ, ವಯಸ್ಸು ಮುಂತಾದವಕ್ಕೆ ಕೊಡುವ ಅಂಕಗಳಲ್ಲಿ ಸಾಮಾನ್ಯವಾಗಿ ಆರು ಗಳಿಸಬೇಕು, ಒಂದು ವರ್ಷದ ಖರ್ಚಿಗೆ ಹಣ ತೋರಿಸಬೇಕು. 2025ರಲ್ಲಿ ತಿಂಗಳಿಗೆ 1,091 ಯೂರೋದಂತೆ ಅದು 13,092 ಯೂರೋ ಆಗುತ್ತಿತ್ತು. ಊರಲ್ಲಿ ಒಳ್ಳೆಯ ಕೆಲಸವಿರುವವರು ಅದನ್ನು ಬಿಟ್ಟು ಈ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಜರ್ಮನ್ ಭಾಷೆಯನ್ನು ಕಲಿಯದೆ ಬಂದವರಿಗಂತೂ ಆ ಒಂದು ವರ್ಷ ಬಹಳ ಬೇಗ ಮುಗಿಯುತ್ತದೆ.

ಕರ್ನಾಟಕದವರಿಗೆ ವಿಶೇಷವಾಗಿ ಹೇಳಬೇಕಾದದ್ದು ಹೆಸರಿನ ವಿಚಾರ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಎಚ್. ಆರ್. ಎಂದಿದ್ದವರು ಪದವಿಯಲ್ಲಿ ಎಚ್. ಆರ್. ಮಂಜುನಾಥ ಆಗಿ, ಪಾಸ್‌ಪೋರ್ಟಿನಲ್ಲಿ ಮೊದಲಕ್ಷರಗಳು ಊರಿನ ಮತ್ತು ತಂದೆಯ ಪೂರ್ಣ ಹೆಸರಾಗಿ ಬಿಡಿಸಿಕೊಂಡು, ಮನೆತನದ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ಮನೆತನದ ಹೆಸರಿಲ್ಲದ ಮನುಷ್ಯನನ್ನು ಜರ್ಮನಿಯ ಕಚೇರಿ ಊಹಿಸಿಕೊಳ್ಳಲಾರದು. ಇದ್ದ ಹೆಸರನ್ನೆಲ್ಲ ಒಂದೇ ಜಾಗದಲ್ಲಿ ತುಂಬಿ, ಇನ್ನೊಂದು ಜಾಗಕ್ಕೆ ಚಿಹ್ನೆ ಹಾಕಿಬಿಡುತ್ತದೆ. ಮುಂದೆ ಬ್ಯಾಂಕು, ವಿಮೆ, ಮಗುವಿನ ಜನನ ನೋಂದಣಿ ಎಲ್ಲಕ್ಕೂ ಇದೇ ಹೆಸರು ಬೆನ್ನು ಹತ್ತುತ್ತದೆ. ಆದ್ದರಿಂದ ಅರ್ಜಿಗೂ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಳ್ಳುವುದು ಲೇಸು, ಮತ್ತು ಉದ್ಯೋಗ ಒಪ್ಪಂದದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕಕ್ಷರ ಬರೆಸಬೇಕು. ಪದವಿ ಪತ್ರದಲ್ಲಿ ಬೇರೆ ರೂಪವಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ ಜೊತೆಗಿಡಿ.

ಪತ್ರ ಅಸಲಿ ಎಂದು ಹೊರದೇಶಗಳಿಗೆ ಖಾತ್ರಿಪಡಿಸುವ ಅಪೊಸ್ಟೀಲ್ ಮುದ್ರೆಯನ್ನು ಪತ್ರಗಳಿಗೆ ಹಾಕಿಸಿಕೊಡುತ್ತೇವೆಂದು ಹೇಳುವ ಅಂಗಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಈ ಮುದ್ರೆಯನ್ನು ದೇಶಗಳು ಪರಸ್ಪರ ಒಪ್ಪುವ ಹೇಗ್ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪಣೆ ಎತ್ತಿದ್ದರಿಂದ, ಭಾರತದ ಅಪೊಸ್ಟೀಲ್‌ಗೆ ಇಲ್ಲಿ ಬೆಲೆಯಿಲ್ಲ. ಬೇಕೆನಿಸಿದಾಗ ಜರ್ಮನಿಯ ರಾಯಭಾರ ಕಚೇರಿಯೇ ಪತ್ರಗಳ ಸತ್ಯಾಸತ್ಯವನ್ನು ಪರಿಶೀಲಿಸುತ್ತದೆ. ಏಜೆಂಟರ ಬಗ್ಗೆಯೂ ಒಂದು ಮಾತು: ಭಾರತದಿಂದ ಕೆಲಸಗಾರರನ್ನು ಹೊರದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು, ಅಂಥವರು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಲಕ್ಷಗಳಲ್ಲಿ ಕೇಳುವವರೊಂದಿಗೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ.

ಅರ್ಜಿ ಸಲ್ಲಿಕೆ ಈಗ ಮೊದಲಿಗಿಂತ ಸುಲಭ. 2025ರ ಆರಂಭದಿಂದ ಜರ್ಮನಿಯ ವಿದೇಶಾಂಗ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲೇ ಉದ್ಯೋಗ ವೀಸಾದ ಅರ್ಜಿ ತುಂಬಿ ಪತ್ರಗಳನ್ನು ಸೇರಿಸಬಹುದು. ಆಮೇಲೆ ಮೂಲ ಪತ್ರಗಳು ಮತ್ತು ಬೆರಳಚ್ಚಿಗೆ ಮಾತ್ರ ಖುದ್ದಾಗಿ ಹೋಗಬೇಕು. ವೀಸಾ ಶುಲ್ಕ 75 ಯೂರೋ, ಅದನ್ನು ರೂಪಾಯಿಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟು, ಸಹಿಯಾದ ಒಪ್ಪಂದ, ಉದ್ಯೋಗ ಘೋಷಣಾ ಪತ್ರ, ಪದವಿಯ ಪತ್ರಗಳು, ಅನುಭವ ಪತ್ರಗಳು, ಆರೋಗ್ಯ ವಿಮೆ ಇವು ಮುಖ್ಯವಾದವು. ಕೆಲಸ ಶುರುವಾದ ದಿನದಿಂದ ಇಲ್ಲಿನ ವಿಮೆ ಅನ್ವಯಿಸುತ್ತದೆ. ನೀವು ವಿಮಾನ ಇಳಿಯುವ ದಿನಕ್ಕೂ ಆ ದಿನಕ್ಕೂ ನಡುವಿನ ಅವಧಿಗೆ ಬೇರೆ ವಿಮೆ ಬೇಕೆಂಬುದನ್ನು ಮರೆಯುವವರು ಹೆಚ್ಚು. ನಿಮ್ಮ ಉದ್ಯೋಗದಾತರಿಗೆ ಅವಸರವಿದ್ದರೆ, ಅವರು ಜರ್ಮನಿಯಲ್ಲೇ ವಿದೇಶಿಯರ ಕಚೇರಿಗೆ 411 ಯೂರೋ ಕಟ್ಟಿ ತ್ವರಿತ ವಿಧಾನವನ್ನು ಆರಂಭಿಸಬಹುದು. ಆ ಕಚೇರಿಯ ಪೂರ್ವಾನುಮತಿ ಕೈಗೆ ಬಂದ ಮೇಲೆ ವೀಸಾ ಅಪಾಯಿಂಟ್‌ಮೆಂಟ್ ಮೂರು ವಾರದೊಳಗೆ, ತೀರ್ಮಾನ ಮತ್ತೆ ಮೂರು ವಾರದೊಳಗೆ ಆಗಬೇಕೆಂದು ನಿಯಮವಿದೆ. ಸಣ್ಣ ಕಂಪನಿಗಳಿಗೆ ಈ ವಿಧಾನವಿದೆಯೆಂಬುದೇ ಗೊತ್ತಿರುವುದಿಲ್ಲ, ನೀವೇ ಎತ್ತಿ ಹೇಳಬೇಕಾಗಬಹುದು.

ಇಲ್ಲಿ ಬೆಂಗಳೂರಿನ 90 ದಿನದ ನೋಟಿಸ್ ಪೀರಿಯಡ್ ಅಡ್ಡ ಬರುತ್ತದೆ. ವೀಸಾ ಬರುವ ಮುನ್ನ ರಾಜೀನಾಮೆ ಕೊಟ್ಟರೆ ಎರಡೂ ಕೆಲಸ ಕೈತಪ್ಪಬಹುದು. ಬಂದ ಮೇಲೆ ಕೊಟ್ಟರೆ ಒಪ್ಪಂದದಲ್ಲಿ ಬರೆದ ಆರಂಭದ ದಿನಾಂಕ ಮೀರಿಹೋಗಬಹುದು. ನನ್ನ ಸಲಹೆ ಇಷ್ಟು: ಸಂಬಳದ ಚೌಕಾಸಿಗಿಂತ ಮೊದಲೇ ಆರಂಭದ ದಿನಾಂಕದ ಮಾತಾಡಿ, ವೀಸಾ ವಿಳಂಬವಾದರೆ ದಿನಾಂಕವನ್ನು ಮುಂದಕ್ಕೆ ಹಾಕಲು ಇಬ್ಬರೂ ಒಪ್ಪಿದ್ದೇವೆಂಬ ವಾಕ್ಯವನ್ನು ಒಪ್ಪಂದದಲ್ಲಿ ಸೇರಿಸಲು ಕೇಳಿ. ಇಲ್ಲಿನ ಉದ್ಯೋಗದಾತರಿಗೂ ಮೂರು ತಿಂಗಳ ನೋಟಿಸ್ ಹೊಸತಲ್ಲ, ಆದ್ದರಿಂದ ಕೇಳಲು ಸಂಕೋಚ ಬೇಡ. ವೀಸಾ ಸ್ಟಿಕರ್ ಪಾಸ್‌ಪೋರ್ಟಿನಲ್ಲಿ ಅಂಟಿದ್ದನ್ನು ಕಣ್ಣಾರೆ ನೋಡುವವರೆಗೆ ರಾಜೀನಾಮೆ ಪತ್ರ ಕಳಿಸಬೇಡಿ.

ವೀಸಾ ನಿರಾಕರಿಸಿದರೆ ಹಿಂದೆ ಅದೇ ಕಚೇರಿಗೆ ಪುನರ್‌ಪರಿಶೀಲನೆಗೆ ಬರೆದುಕೊಳ್ಳಬಹುದಿತ್ತು. 2025ರ ಜುಲೈ 1ರಿಂದ ಆ ಸೌಲಭ್ಯವನ್ನು ರದ್ದು ಮಾಡಿದ್ದಾರೆ. ಈಗ ಇರುವುದು ಹೊಸ ಅರ್ಜಿ ಅಥವಾ ಬರ್ಲಿನ್ನಿನ ಆಡಳಿತ ನ್ಯಾಯಾಲಯ. ಮೊದಲ ಅರ್ಜಿಯನ್ನೇ ಪೂರ್ಣವಾಗಿ ಹಾಕಿ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದು.

ಸಂಸಾರ ಇರುವವರು ಹೆಂಡತಿ ಅಥವಾ ಗಂಡನ ಅರ್ಜಿಯನ್ನು ತಮ್ಮದರ ಜೊತೆಯಲ್ಲೇ ಯೋಚಿಸಬೇಕು. ಬ್ಲೂ ಕಾರ್ಡಿನವರ ಸಂಗಾತಿಗೆ ಮೊದಲೇ ಜರ್ಮನ್ ಪರೀಕ್ಷೆ ಬರೆದಿರಬೇಕೆಂಬ ಷರತ್ತಿಲ್ಲ, ಬಂದ ಮೇಲೆ ಕೆಲಸ ಮಾಡಲೂ ಅಡ್ಡಿಯಿಲ್ಲ. ಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ. ಲಗ್ನಪತ್ರಿಕೆಯಾಗಲಿ ಛತ್ರದ ರಸೀತಿಯಾಗಲಿ ದೇವಸ್ಥಾನದ ಚೀಟಿಯಾಗಲಿ ನಡೆಯುವುದಿಲ್ಲ. ಮದುವೆಯಾಗಿ ವರ್ಷಗಳಾದರೂ ನೋಂದಣಿ ಮಾಡಿಸದವರು ಇದನ್ನು ಮೊದಲು ಮುಗಿಸಿಕೊಳ್ಳಲಿ. ಕನ್ನಡದಲ್ಲಿ ಮಾತ್ರ ಇರುವ ಪತ್ರಗಳನ್ನು ಅನುವಾದ ಮಾಡಿಸಬೇಕು.

ಇಳಿದ ಮೇಲೆ ಮನೆ ಸಿಕ್ಕಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಮನೆ ಮಾಲೀಕರ ಸಹಿಯಿರುವ ಪತ್ರ ಕಡ್ಡಾಯ, ಹಾಗಾಗಿ ನೋಂದಣಿಗೆ ಒಪ್ಪದ ಬಾಡಿಗೆ ಕೋಣೆಯನ್ನು ಎಷ್ಟೇ ಅಗ್ಗವಾದರೂ ಹಿಡಿಯಬೇಡಿ. ಆ ನೋಂದಣಿಯಾದ ಕೂಡಲೇ ವಿದೇಶಿಯರ ಕಚೇರಿಯಲ್ಲಿ ಬ್ಲೂ ಕಾರ್ಡಿಗೆ ಅರ್ಜಿ ಹಾಕಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಕೆಲವೇ ತಿಂಗಳಿನದು, ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಅದು ಮುಗಿದರೂ ಆಶ್ಚರ್ಯವಿಲ್ಲ. ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಹಳೆಯ ಹಕ್ಕುಗಳು ಮುಂದುವರಿಯುತ್ತವೆ. ಅದಕ್ಕೆ ಸಾಕ್ಷಿಯಾಗಿ ಫಿಕ್ಷಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರವನ್ನು ಕೊಡುತ್ತಾರೆ. ದಸರೆಗೋ ಮನೆಯ ಮದುವೆಗೋ ಊರಿಗೆ ಹೊರಡುವವರು ಈ ಪತ್ರದಲ್ಲಿ ವಾಸ ಪರವಾನಗಿ ಮುಂದುವರಿದಿದೆ ಎಂಬ ಅಂಕಣಕ್ಕೆ, ಅಂದರೆ ವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿಗೆ, ಗುರುತು ಹಾಕಿದ್ದಾರೆಯೇ ಎಂದು ನೋಡಿಕೊಂಡೇ ಟಿಕೆಟ್ ತೆಗೆಯಬೇಕು. 3ನೇ ಉಪಕಲಮಿಗೆ ಗುರುತಿದ್ದರೆ ಆ ಪತ್ರದ ಬಲದಿಂದ ಮತ್ತೆ ಜರ್ಮನಿಯೊಳಗೆ ಬರಲಾಗುವುದಿಲ್ಲ.