ಮದುವೆ ಮನೆಯ ಕೊಲೆಗೆ ನಾನು ಬೇಲಿ ಹಾಕಿದ ಬಗೆ

ಮೈಸೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ರಸೀದಿ, ವೋಚರು, ದಿನವಹಿಗಳನ್ನು ತಿರುವಿ ಹಾಕುತ್ತಿರುವ ನಾನು ಕಾದಂಬರಿ ಬರೆಯಲು ಕುಳಿತಾಗ ಪತ್ತೇದಾರಿ ಪ್ರಕಾರವನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಎಲ್ಲ ಕಾಗದವೂ ಸರಿಯಾಗಿದ್ದು ಒಂದೇ ಒಂದು ಅಂಕಿ ಕೂಡಿಬರದಿದ್ದಾಗ ಆಗುವ ಕಿರಿಕಿರಿಯೇ ನನ್ನ ವೃತ್ತಿಯ ಅನ್ನ. ಅದರಲ್ಲೂ ನನಗೆ ಬೇಕಾಗಿದ್ದುದು, ಹೊರಗಿನವರು ಒಳಗೆ ಬಂದಿರಲಾರದ ಜಾಗದಲ್ಲಿ ಕೊಲೆ ನಡೆದು, ಕೊಲೆಗಾರರು ಓದುಗನ ಕಣ್ಣೆದುರಿಗೇ ಓಡಾಡುವ ಹತ್ತು ಹನ್ನೆರಡು ಮಂದಿಯಲ್ಲೇ ಇರಬೇಕಾದ ಬಗೆಯ ಕಥೆ. ಜಾಗವನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೆ: ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಪಾಲಹಳ್ಳಿಯ ಆಚೆ, ಕಾವೇರಿಯ ದಡದಲ್ಲಿ ನಾನೇ ಕಟ್ಟಿಕೊಂಡ ಒಂದು ರೆಸಾರ್ಟು, ಅಲ್ಲಿ ಎರಡು ದಿನದ ಮದುವೆ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಇಂಥ ಕಥೆಗಳಿಗೆ ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆಯೋ ನಡುಗಡ್ಡೆಯೋ ಒದಗಿಬರುತ್ತದೆ. ನಮ್ಮ ಮದುವೆ ಮನೆಯಲ್ಲಿ ನಾನೂರು ಜನ ಬರುತ್ತಾರೆ, ನಾನೂರು ಜನ ಹೋಗುತ್ತಾರೆ, ಕರೆಯದೆ ಬಂದವರೂ ಎರಡನೆಯ ಪಂಕ್ತಿಯಲ್ಲಿ ಕುಳಿತು ಉಂಡು ಹೋಗುತ್ತಾರೆ. ಹೀಗಾಗಿ ಮೊದಲ ಕರಡಿನಲ್ಲಿ ನದಿಯ ನೆರವು ಪಡೆದೆ. ಕನ್ನಂಬಾಡಿ ಕಟ್ಟೆ ತುಂಬುತ್ತದೆ, ಗೇಟು ಎತ್ತುತ್ತಾರೆ, ರೆಸಾರ್ಟಿನ ಕಿರುಸೇತುವೆ ಮುಳುಗುತ್ತದೆ, ಹನ್ನೆರಡು ಮಂದಿ ಒಳಗೆ ಉಳಿಯುತ್ತಾರೆ. ಎಪ್ಪತ್ತು ಪುಟ ಬರೆದು, ಮಂಡ್ಯದಲ್ಲಿರುವ ನನ್ನ ದೊಡ್ಡಮ್ಮನ ಮುಂದೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಒಮ್ಮೆಗೇ ಕೇಳಿದರು: “ಇದು ಯಾವ ತಿಂಗಳು ಕಣವ್ವ?” ಜುಲೈ ಎಂದೆ. “ಆಷಾಢದಲ್ಲಿ ಯಾರವ್ವ ಮದುವೆ ಮಾಡ್ತಾರೆ? ಓದೋರು ಅಲ್ಲಿಗೇ ಪುಸ್ತಕ ಮಡಚಿಡ್ತಾರೆ.”

ಎಪ್ಪತ್ತು ಪುಟವನ್ನೂ ಪಕ್ಕಕ್ಕಿಟ್ಟೆ. ನದಿ ತುಂಬಿರಬೇಕು, ಆಷಾಢ ಕಳೆದಿರಬೇಕು. ಇವೆರಡೂ ಕೂಡಿಬರುವ ವರ್ಷವನ್ನು ಹುಡುಕುತ್ತ ಹಳೆಯ ಪಂಚಾಂಗಗಳನ್ನು ತೆರೆದಾಗ 2018 ಸಿಕ್ಕಿತು. ಆ ವರ್ಷ ಶ್ರಾವಣ ಆಗಸ್ಟ್ 12ಕ್ಕೆ ಆರಂಭವಾಗಿತ್ತು. ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದೂ ಕಾವೇರಿ ದಡ ಮೀರಿದ್ದೂ ಅದೇ ದಿನಗಳಲ್ಲಿ. ಆ ವರ್ಷವನ್ನು ಹಿಡಿದದ್ದರಿಂದ ಇನ್ನೂ ಕೆಲವು ತಲೆನೋವು ತಾನಾಗಿಯೇ ಕಳೆಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಕೊಲೆಯ ಕಲಂ 103 ಆಗಿದೆ, ಆದರೆ ನನ್ನ ಇನ್ಸ್‌ಪೆಕ್ಟರ್ ಬಾಯಲ್ಲಿ ಹಳೆಯ ದಂಡ ಸಂಹಿತೆಯ “ತ್ರೀ ನಾಟ್ ಟೂ” ಎಂಬ ಮಾತೇ ಚೆನ್ನಾಗಿ ಕೂರುತ್ತಿತ್ತು. 2018ರಲ್ಲಿ ಅದೇ ಸರಿ. ಪ್ರತಿಯಾಗಿ, ಬೆಂಗಳೂರಿನಿಂದ ಒಂದೂವರೆ ಗಂಟೆಯಲ್ಲಿ ಬಂದಿಳಿಯುವ ಪಾತ್ರವೊಂದನ್ನು ತಿದ್ದಬೇಕಾಯಿತು, ಏಕೆಂದರೆ ದಶಪಥ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್‌ನಲ್ಲಿ. 2018ರಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಊರೊಳಗಿನ ದಟ್ಟಣೆಯನ್ನು ಹಾದೇ ಬರಬೇಕಿತ್ತು.

ಅಷ್ಟಾದರೂ ಮುಳುಗಿದ ಸೇತುವೆ ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲರ ಜೇಬಿನಲ್ಲೂ ಮೊಬೈಲಿದೆ, ಅಗ್ನಿಶಾಮಕದವರ ದೋಣಿ ಇದೆ, ಮೈಸೂರು ಹದಿನೈದು ಕಿಲೋಮೀಟರ್ ದೂರದಲ್ಲಿದೆ. ಬೇಲಿ ನೀರಿನದಾದರೆ ಅದು ಲೇಖಕಿ ಹಾಕಿದ ಬೇಲಿಯೆಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ಪಾತ್ರಗಳು ಹೋಗಬಹುದಾಗಿಯೂ ಹೋಗದೆ ಉಳಿಯುವಂತಾಗಬೇಕಿತ್ತು.

ಉತ್ತರ ಸಿಕ್ಕಿದ್ದು ಕಚೇರಿಯಲ್ಲಿ, ಕಕ್ಷಿದಾರರೊಬ್ಬರ ಜಮೀನಿನ ಕಡತದಲ್ಲಿದ್ದ ವಂಶವೃಕ್ಷವನ್ನು ನೋಡುವಾಗ. ಪಿತ್ರಾರ್ಜಿತ ಜಮೀನಿನ ಪಾಲುಪಟ್ಟಿಗೆ ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತ ಅಧಿಕಾರಿ) ದೃಢೀಕರಿಸಿದ ಈ ಒಂದು ಹಾಳೆ ಬೇಕೇ ಬೇಕು. ಅದರಲ್ಲಿ ಯಾರ ಹೆಸರಿದೆಯೋ ಅವರನ್ನೇ ಪಾಲುದಾರರೆಂದು ನೋಡುತ್ತಾರೆ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು ಆಗದವರು ಎನ್ನದೆ ಮಗಳನ್ನು ಮಗನ ಸಮಕ್ಕೆ ತಂದಿತು. ಆ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಏನಾಗುತ್ತಿದೆಯೆಂಬುದು ಯಾವ ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತವರಿಗೂ ತಿಳಿದಿರುತ್ತದೆ: ಅಕ್ಕತಂಗಿಯರನ್ನು ಒಟ್ಟಿಗೆ ಕರೆತಂದು, ಸೀರೆ ಕೊಟ್ಟು, ತಮ್ಮ ಪಾಲು ಬಿಟ್ಟುಕೊಟ್ಟೆವೆಂಬ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಅಕ್ಕತಂಗಿಯರೆಲ್ಲ ಒಂದೇ ಕಡೆ ಸೇರುವ ಸಂದರ್ಭ ಮದುವೆಯೊಂದೇ.

ಹೀಗೆ ನನ್ನ ಕಥೆಯ ವರನ ಚಿಕ್ಕಪ್ಪ, ನಾಲೆಯ ಕೆಳಗಿನ ಮೂರು ಎಕರೆ ಹತ್ತು ಗುಂಟೆಯ ಖುಲಾಸೆ ಪತ್ರವನ್ನು ಚರ್ಮದ ಚೀಲದಲ್ಲಿಟ್ಟುಕೊಂಡು ಮದುವೆಗೆ ಬಂದ. ಭಾನುವಾರ ಧಾರೆ, ಸೋಮವಾರ ನೋಂದಣಿ. ಶನಿವಾರ ರಾತ್ರಿ ಆತ ಸತ್ತ. ಸೋಮವಾರದವರೆಗೆ ಯಾರೂ ಅಲ್ಲಿಂದ ಕದಲುವಂತಿಲ್ಲ; ಕದಲಿದವರ ಪಾಲಿನ ಮಾತನ್ನು ಉಳಿದವರು ಏನು ಮಾಡಿಬಿಡುತ್ತಾರೋ ಎಂಬ ಭಯ ತುಂಬಿದ ಹೊಳೆಗಿಂತ ಗಟ್ಟಿಯಾದ ಬೇಲಿ. ನಾನೂರು ಅತಿಥಿಗಳು ಉಂಡು ಹೋಗಲಿ, ವಂಶವೃಕ್ಷದ ಒಂಬತ್ತು ಹೆಸರು ಮತ್ತು ಅವರ ಕೈಹಿಡಿದವರು, ಒಟ್ಟು ಹದಿನಾಲ್ಕು ಮಂದಿ ನನ್ನ ವೃತ್ತದೊಳಗೆ ಉಳಿದರು. ಕಾದಂಬರಿಯ ಮೊದಲ ಪುಟದಲ್ಲಿ ಇಂಥ ಕಥೆಗಳಿಗೆ ಕೊಡುವ ಬಂಗಲೆಯ ನಕ್ಷೆಯ ಬದಲು ಆ ವಂಶವೃಕ್ಷವನ್ನೇ ಕೊಟ್ಟಿದ್ದೇನೆ.

ಕೊಲೆಯ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮೊದಲು ವಿಷ ಎಂದುಕೊಂಡಿದ್ದೆ. ಪಂಕ್ತಿಯಲ್ಲಿ ಒಂದೇ ಬಕೆಟ್ಟಿನ ಸಾರು ಅರವತ್ತು ಎಲೆಗಳಿಗೆ ಬೀಳುವಾಗ ಒಂದೇ ಎಲೆಗೆ ವಿಷ ಹಾಕುವುದು ಹೇಗೆಂದು ಅಡುಗೆ ಭಟ್ಟರೊಬ್ಬರು ಕೇಳಿದ ಮೇಲೆ ಬಿಟ್ಟೆ. ಗಟ್ಟಿಮೇಳದ ಅಬ್ಬರದಲ್ಲಿ ಕೋವಿಯ ಸದ್ದನ್ನು ಮುಚ್ಚುವ ಯೋಚನೆಯೂ ಬಂದಿತ್ತು, ಆದರೆ ಕೋವಿ ಕೊಡಗಿನ ಮದುವೆಗೆ ಒಪ್ಪುತ್ತದೆಯೇ ಹೊರತು ಮಂಡ್ಯ ಜಿಲ್ಲೆಯ ಮದುವೆಗಲ್ಲ. ಕೊನೆಗೆ ಹೊಳೆಯ ಮೆಟ್ಟಿಲು, ಒಂದು ನೂಕು.

ನನ್ನನ್ನು ವರ್ಷಗಟ್ಟಲೆ ಹಿಡಿದಿಟ್ಟದ್ದು ಕಾಲದ ಲೆಕ್ಕ. ಈ ಪ್ರಕಾರದಲ್ಲಿ ಯಾರು ಯಾವ ಗಂಟೆಗೆ ಎಲ್ಲಿದ್ದರೆಂಬುದೇ ಸರ್ವಸ್ವ. ಆದರೆ ಮದುವೆ ಮನೆಯಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. “ಆರತಿ ಎತ್ತಿದ ಮೇಲೆ”, “ಎರಡನೇ ಪಂಕ್ತಿ ಏಳುವಾಗ”, “ವಾಲಗದವರು ಕಾಫಿಗೆ ಹೋಗಿದ್ದಾಗ” ಎಂದೇ ಜನ ನೆನಪಿಟ್ಟುಕೊಳ್ಳುತ್ತಾರೆ. ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ತಿರುಗಿಸಿ ಅಂಟಿಸಿ, ಅಡ್ಡಕ್ಕೆ ಹದಿನಾಲ್ಕು ಹೆಸರು, ಉದ್ದಕ್ಕೆ ಗಂಟೆಯ ಬದಲು ಶಾಸ್ತ್ರಗಳನ್ನು ಬರೆದುಕೊಂಡೆ. ಪೊಲೀಸರು ಶಾಸ್ತ್ರಗಳನ್ನು ಗಂಟೆಗೆ ಪರಿವರ್ತಿಸುವಾಗ ಎಡವುತ್ತಾರೆ. ಅದು ಗೊತ್ತಿರುವ ಮುದುಕಿ ಎಡವುವುದಿಲ್ಲ. ನನ್ನ ಪತ್ತೇದಾರಿಣಿ ಆಕೆಯೇ, ವರನ ಅಜ್ಜಿಯ ತಂಗಿ.

ಇದರ ನಡುವೆ ಪುರೋಹಿತರೊಬ್ಬರು ಕೊಟ್ಟ ಮಾಹಿತಿ ಇಡೀ ಕಥೆಯನ್ನು ಮತ್ತೊಮ್ಮೆ ಬಿಚ್ಚಿ ಕಟ್ಟುವಂತೆ ಮಾಡಿತು. ವರನ ದಾಯಾದಿ ಸತ್ತರೆ ಸೂತಕ, ಮದುವೆ ನಿಲ್ಲಬೇಕು. ಆದರೆ ನಾಂದಿ ಆಗಿಬಿಟ್ಟಿದ್ದರೆ ಆ ಮದುವೆಗೆ ಸೂತಕದ ಬಾಧೆಯಿಲ್ಲ. ನನ್ನ ಕಥೆಯಲ್ಲಿ ನಾಂದಿ ಇಟ್ಟುಕೊಂಡಿರುವುದು ಭಾನುವಾರ ಬೆಳಗ್ಗೆ ಆರಕ್ಕೆ, ಹೆಣ ಕಂಡದ್ದು ಐದಕ್ಕೆ. ಆರು ಗಂಟೆಗೆ ಮುಂಚೆ ಸತ್ತನೆಂದರೆ ಮದುವೆ ಮುರಿಯುತ್ತದೆ. ಆಮೇಲೆ ಸತ್ತನೆಂದರೆ ನಡೆಯುತ್ತದೆ. ಮೆಟ್ಟಿಲ ಬಳಿಗೆ ಓಡಿ ಬಂದವರನ್ನು ಅಲ್ಲಿಯೇ ತಡೆದು, ದೇವರ ಮೇಲೆ ಆಣೆ ಹಾಕಿಸಿ, ಹೆಣವನ್ನು ಕೋಣೆಯೊಂದರಲ್ಲಿ ಮಲಗಿಸಿ ಬೀಗ ಹಾಕುವ ಇಬ್ಬರು ಹಿರಿಯರು “ಏಳು ಗಂಟೆಗೆ ನಾವೇ ಅವನ ಜೊತೆ ಮಾತಾಡಿದೆವು” ಎಂದು ಪೊಲೀಸರಿಗೆ ಹೇಳುತ್ತಾರೆ. ಅವರಿಗೂ ಕೊಲೆಗೂ ಸಂಬಂಧವಿಲ್ಲ, ಅವರಿಗೆ ಬೇಕಾದದ್ದು ಹುಡುಗನ ಮದುವೆ. ಆದರೆ ಆ ಒಂದು ಸುಳ್ಳಿನಿಂದ, ರಾತ್ರಿ ಎಲ್ಲಿದ್ದೆ ಎಂಬ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳದಂತಾಗುತ್ತದೆ. ಕೊಲೆಗಾರರು ಕಷ್ಟಪಟ್ಟು ಕಟ್ಟಿಕೊಂಡ ರಾತ್ರಿಯ ಸಾಕ್ಷ್ಯವೆಲ್ಲ ವ್ಯರ್ಥವಾಗಿ, ಬೆಳಗಿನ ಹೊತ್ತಿಗೆ ಅವರೇ ಸಿಕ್ಕಿಹಾಕಿಕೊಳ್ಳುವಂತಾಗುವುದು ಬರೆಯುವಾಗ ನನಗೆ ಅತ್ಯಂತ ಸುಖ ಕೊಟ್ಟ ಭಾಗ. ವೈದ್ಯರ ವರದಿ ಈ ಸುಳ್ಳನ್ನು ಬೇಗ ಬಯಲು ಮಾಡದೆ ಇರಲಿ ಎಂದು ನಾನೇನೂ ಒತ್ತಾಯ ಮಾಡಬೇಕಾಗಲಿಲ್ಲ. ಸಾವಿನ ಹೊತ್ತನ್ನು ಮರಣೋತ್ತರ ಪರೀಕ್ಷೆ ಗಂಟೆಗಳ ಅಂತರದಲ್ಲಿ ಅಂದಾಜು ಮಾಡುತ್ತದೆ, ನೀರಿನಲ್ಲಿ ಬಿದ್ದ ದೇಹವಾದರೆ ಆ ಅಂದಾಜು ಇನ್ನಷ್ಟು ಸಡಿಲ.

ಸುಳಿವುಗಳಲ್ಲಿ ಎರಡನ್ನು ಇಲ್ಲಿ ಬಿಟ್ಟುಕೊಟ್ಟರೆ ನಷ್ಟವಿಲ್ಲ. ಮೊದಲನೆಯದು ಮುಯ್ಯಿ ಪುಸ್ತಕ. ಆರತಕ್ಷತೆಯ ದಿನ ಬಾಗಿಲ ಪಕ್ಕದಲ್ಲಿ ಮೇಜು ಹಾಕಿಕೊಂಡು ಒಬ್ಬರು ಹೆಸರು, ಊರು, ಮೊತ್ತ ಬರೆಯುತ್ತ ಹೋಗುವ ಆ ನೂರು ಪುಟದ ನೋಟ್‌ಬುಕ್ಕು, ಬಂದವರ ಸರದಿಯ ದಾಖಲೆಯೂ ಹೌದು. ಇನ್ಸ್‌ಪೆಕ್ಟರ್ ಅದನ್ನು ಹಾಜರಿ ಪುಸ್ತಕವೆಂದೇ ತಿಳಿಯುತ್ತಾನೆ. ವರನ ಸೋದರತ್ತೆಯ ಗಂಡನ ಹೆಸರು 212ನೆಯ ಸಾಲಿನಲ್ಲಿ, 1501 ರೂಪಾಯಿಯ ಎದುರಿಗಿದೆ. ಹಾಗಾದರೆ ಆತ ಒಂಬತ್ತೂವರೆಯ ಹೊತ್ತಿಗೆ ಮಂಟಪದ ಬಾಗಿಲಲ್ಲಿದ್ದ. ಮುದುಕಿ ಮಾತ್ರ ಆ ಮೊತ್ತವನ್ನು ಮತ್ತೆ ಮತ್ತೆ ನೋಡುತ್ತಾಳೆ. ಮೂರನೆಯ ಅಧ್ಯಾಯದಲ್ಲಿ ಸೋದರತ್ತೆ ತನ್ನ ಮಗಳ ಮದುವೆಯ ಹಳೆಯ ಪುಸ್ತಕ ತೆರೆದು, ಅಣ್ಣ ನಮಗೆ 1001 ಹಾಕಿದ್ದ, ನಾವು ಎರಡು ಸಾವಿರದ ಒಂದು ಹಾಕಲೇಬೇಕು ಎಂದು ಗಂಡನ ಕೈಗೆ ಹಣ ಎಣಿಸಿ ಕೊಟ್ಟಿರುತ್ತಾಳೆ. ಹೆಂಡತಿ ಎಣಿಸಿ ಕೊಟ್ಟ ಮುಯ್ಯಿಯಲ್ಲಿ ಐನೂರು ಕಡಿಮೆ ಮಾಡುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಂದರೆ ಆತ ಹಣವನ್ನು ಯಾವನೋ ಹುಡುಗನ ಕೈಲಿ ಕಳಿಸಿದ್ದಾನೆ, ಹುಡುಗ ಐನೂರು ಜೇಬಿಗಿಳಿಸಿದ್ದಾನೆ, ಆತ ಬಾಗಿಲಲ್ಲಿರಲೇ ಇಲ್ಲ. (ಆತ ಇದ್ದದ್ದು ಜನರೇಟರ್ ಕೋಣೆಯ ಹಿಂದೆ, ಇಸ್ಪೀಟು ಆಡುತ್ತ; ಕೊಲೆಗಾರ ಆತನಲ್ಲ.) ಈ ಸುಳಿವನ್ನು ಓದಿದ ಬೆಂಗಳೂರಿನ ಗೆಳತಿಯೊಬ್ಬಳು, ಮುಯ್ಯಿ ಗೊತ್ತಿಲ್ಲದವರಿಗೆ ವಿವರಣೆ ಬೇಕಲ್ಲವೇ ಎಂದಳು. ಸೋದರತ್ತೆ ಗೊಣಗಿಕೊಂಡು ಹಣ ಎಣಿಸುವುದೇ ಸಾಕಷ್ಟು ವಿವರಣೆ ಎಂದುಕೊಂಡು ಹಾಗೆಯೇ ಬಿಟ್ಟಿದ್ದೇನೆ.

ಎರಡನೆಯದು ಚಪ್ಪಲಿ. ಸತ್ತವನ ಚಪ್ಪಲಿಗಳು ಹೊಳೆಯ ಮೂರನೆಯ ಮೆಟ್ಟಿಲ ಮೇಲೆ ಜೋಡಿಸಿಟ್ಟಂತಿವೆ, ತಾನೇ ಬಿಚ್ಚಿಟ್ಟು ನೀರಿಗಿಳಿದವನಂತೆ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ 124.80 ಅಡಿಯ ಲೆಕ್ಕ ಮಂಡ್ಯದ ರೈತರಿಗೆ ಬಾಯಿಪಾಠ. ಕಟ್ಟೆಯ ಇಂದಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಇಲ್ಲಿನ ಪತ್ರಿಕೆಗಳು ಸಣ್ಣ ಚೌಕದಲ್ಲಿ ಅಚ್ಚು ಹಾಕುತ್ತವೆ. ನನ್ನ ಕಥೆಯಲ್ಲಿ ಶನಿವಾರ ರಾತ್ರಿ ಹೊರಹರಿವು ಏರಿ, ನಸುಕಿನಲ್ಲಿ ಇಳಿದಿದೆ. ಮೆಟ್ಟಿಲುಗಳು ನಾಲ್ಕನೆಯದರವರೆಗೆ ಕೆಸರು ಮೆತ್ತಿಕೊಂಡಿವೆ, ಚಪ್ಪಲಿಯ ಅಡಿಯಲ್ಲೂ ಕೆಸರಿದೆ, ಮೇಲ್ಭಾಗ ಮಾತ್ರ ಒಣಗಿಯೇ ಇದೆ; ಅಂದರೆ ನೀರು ಇಳಿದ ಮೇಲೆ ಯಾರೋ ತಂದಿಟ್ಟದ್ದು. ಕೆಸರಿನ ವಾಕ್ಯವನ್ನು ಹದಿನೊಂದು ಸಲ ತಿದ್ದಿದ್ದೇನೆ. ಸುಳಿವೆಂದು ಕೂಗದೆ, ಆದರೆ ಕೊನೆಯಲ್ಲಿ ತಿರುಗಿ ನೋಡಿದವರಿಗೆ ಅಲ್ಲೇ ಇರುವಂತೆ ಬರೆಯಬೇಕಿತ್ತು. ಕೊನೆಗೆ, ಯಾರೋ ಮಗು ಆ ಚಪ್ಪಲಿಯನ್ನು ಎತ್ತಿಕೊಂಡು ಬಂದು ತನ್ನ ಅಂಗಿಗೆ ಕೆಸರು ಮಾಡಿಕೊಂಡು ಬೈಸಿಕೊಳ್ಳುವಂತೆ ಬರೆದೆ. ಬೈಗುಳದ ಗದ್ದಲದಲ್ಲಿ ಕೆಸರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿದ್ದರು; ಪತ್ತೇದಾರನಿಗೆ ಕಂಡದ್ದು ಓದುಗನಿಗೂ ಕಾಣಬೇಕೆಂಬುದು ಅವುಗಳಲ್ಲೊಂದು. ಅದನ್ನು ನಿಷ್ಠೆಯಿಂದ ಪಾಲಿಸಿದ್ದೇನೆ. ಮನೆಯ ಆಳುಕಾಳುಗಳನ್ನು ಕೊಲೆಗಾರರನ್ನಾಗಿಸಬಾರದೆಂದು ಅದಕ್ಕೆ ಹಿಂದಿನ ವರ್ಷ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ವ್ಯಾನ್ ಡೈನ್ ಬರೆದದ್ದಕ್ಕೆ ನನ್ನ ತಕರಾರಿದೆ. ಅಡುಗೆಯವರನ್ನೂ ವಾಲಗದವರನ್ನೂ ಯಾರೂ ನೋಡುವುದಿಲ್ಲ, ಅವರು ಮಾತ್ರ ಎಲ್ಲರನ್ನೂ ನೋಡಿರುತ್ತಾರೆ. ನನ್ನ ವೃತ್ತ ವಂಶವೃಕ್ಷವಾದ್ದರಿಂದ ಅವರು ಹೊರಗೇ ಉಳಿದರು, ಆದರೆ ಕೊನೆಯ ಗಂಟನ್ನು ಬಿಡಿಸುವ ಮಾತು ಡೋಲಿನವನದ್ದು.

ಪೊಲೀಸರ ಬಗ್ಗೆ ಒಂದೇ ಎಚ್ಚರ: ಜಾಗ ಮೈಸೂರಿಗೆ ಹತ್ತಿರವಾದರೂ ಶ್ರೀರಂಗಪಟ್ಟಣ ತಾಲ್ಲೂಕು ಮಂಡ್ಯ ಜಿಲ್ಲೆಗೆ ಸೇರಿದ್ದು. ಮೊದಲ ಕರಡಿನಲ್ಲಿ ಮೈಸೂರಿನ ಇನ್ಸ್‌ಪೆಕ್ಟರನ್ನು ಕರೆಸಿ ಮಹಜರು ಬರೆಸಿದ್ದೆ.

ನಾಲ್ಕನೆಯ ಕರಡನ್ನು ದೊಡ್ಡಮ್ಮನ ಮುಂದೆ ಮೂರು ಭಾನುವಾರ ಕುಳಿತು ಓದಿದೆ. ಇಪ್ಪತ್ತನಾಲ್ಕು ಅಧ್ಯಾಯಗಳಲ್ಲಿ ಹದಿನೇಳನೆಯದಕ್ಕೆ ಬರುವಷ್ಟರಲ್ಲಿ ಅವರು ಕೊಲೆಗಾರರ ಹೆಸರು ಹೇಳಿಬಿಟ್ಟರು. ಚಪ್ಪಲಿಯಿಂದ ಗೊತ್ತಾಯಿತೇ ಎಂದು ಕೇಳಿದೆ. “ಯಾವ ಚಪ್ಪಲಿ?” ಎಂದರು. “ಹೊತ್ತಾರೆ ಐದು ಗಂಟೆಗೆ ಹೆಣ ಸಿಕ್ತು ಅಂತ ಎಲ್ಲ ಹೆಂಗಸರೂ ನೈಟೀಲೇ ಓಡಿ ಬಂದವ್ರೆ, ಇವಳೊಬ್ಬಳು ಸೀರೆ ಉಟ್ಟು ಪಿನ್ನು ಹಾಕ್ಕೊಂಡು ಬಂದವಳೆ. ಮಲಗಿದ್ದೋಳು ಹಂಗೆ ಬತ್ತಾಳೇನವ್ವ?” ಅದನ್ನು ಸುಳಿವೆಂದು ನಾನು ಬರೆದಿರಲೇ ಇಲ್ಲ, ಸೆರಗು ಜಾರದಂತೆ ಓಡಬೇಕಲ್ಲ ಎಂದು ಪಿನ್ನು ಹಾಕಿಸಿದ್ದೆ. ತೆಗೆದುಹಾಕಲು ಮನಸ್ಸಾಗಲಿಲ್ಲ. ಐದನೆಯ ಕರಡಿನಲ್ಲಿ ಮೂವರು ಸೀರೆಯುಟ್ಟೇ ಓಡಿ ಬರುತ್ತಾರೆ, ಅವರಲ್ಲಿ ಇಬ್ಬರು ನಾಂದಿಗೆಂದು ಆಗಲೇ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿದ್ದಾರೆ.